ಟೈಪ್ ಮಾಡಿಸುವ ಮೊದಲು ಒಂದು ಚೀಟಿ ಬರೆಯಿರಿ

ಆಧಾರ್ ಕೇಂದ್ರವಾಗಲಿ, ನಾಡಕಚೇರಿಯಾಗಲಿ, ಬಸ್‌ಸ್ಟ್ಯಾಂಡ್ ಹತ್ತಿರದ ಝೆರಾಕ್ಸ್ ಅಂಗಡಿಯಾಗಲಿ, ಬೈಂದೂರಿನಲ್ಲಿ ಎಲ್ಲಿ ಹೋಗಿ ಸ್ವಲ್ಪ ಹೊತ್ತು ನಿಂತರೂ ಒಂದು ಪ್ರಶ್ನೆ ಕಿವಿಗೆ ಬಿದ್ದೇ ಬೀಳುತ್ತದೆ: ‘‘ಹೆಸರಿನ ಸ್ಪೆಲ್ಲಿಂಗ್ ಹೇಳಿ’’. ಕೌಂಟರಿನ ಈಚೆ ನಿಂತ ಉಮ್ಮನಿಗೆ ಸ್ಪೆಲ್ಲಿಂಗ್ ಗೊತ್ತಿಲ್ಲ. ‘‘ನೀನೇ ಹಾಕು ಮಗಾ’’ ಅನ್ನುತ್ತಾರೆ. ಆಚೆ ಕೂತ ಹುಡುಗ ತನಗೆ ತೋಚಿದ್ದನ್ನು ಟೈಪ್ ಮಾಡುತ್ತಾನೆ. ಹಿಂದೆ ಇಪ್ಪತ್ತು ಜನ ಕಾಯುತ್ತಿದ್ದಾರೆ, ಅವನಿಗೂ ಪುರುಸೊತ್ತಿಲ್ಲ. ಅಲ್ಲಿಗೆ ಆ ಉಮ್ಮನಿಗೆ ಹೊಸದಾಗಿ ಒಂದು ಹೆಸರು ಇಟ್ಟ ಹಾಗಾಯಿತು.

ಈಗ ಯಾರೂ ಕೈಯಲ್ಲಿ ಬರೆಯುವುದಿಲ್ಲ, ಎಲ್ಲರೂ ಟೈಪ್ ಮಾಡ್ತಾರೆ ಎಂಬ ಮಾತು ಎಲ್ಲ ಕಡೆ ಕೇಳುತ್ತೇವೆ. ಮಕ್ಕಳ ಅಕ್ಷರ ಚಂದ ಇಲ್ಲ, ಪೆನ್ನು ಹಿಡಿಯಲು ಉದಾಸೀನ ಎಂಬ ದೂರು ಶಾಲೆಯಲ್ಲೂ ಉಂಟು, ಮದ್ರಸದಲ್ಲೂ ಉಂಟು. ಆದರೆ ನಮ್ಮ ಮಟ್ಟಿಗೆ ಅಕ್ಷರದ ಅಂದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ನಮ್ಮ ಹೆಸರು, ತಂದೆಯ ಹೆಸರು, ಹುಟ್ಟಿದ ದಿನಾಂಕ, ಜಾಗದ ವಿವರ ಎಲ್ಲವೂ ಇವತ್ತು ಇನ್ಯಾರದೋ ಕೀಬೋರ್ಡಿನಿಂದ ದಾಖಲೆಗೆ ಹೋಗುತ್ತವೆ. ಆ ಕೀಬೋರ್ಡಿಗೆ ಸರಿಯಾದದ್ದನ್ನು ಬರೆದು ಕೊಡುವ ಕೈ ನಮ್ಮ ಮನೆಯಲ್ಲಿ ಇದೆಯಾ? ಈ ವಾರ ಅದನ್ನು ನೋಡೋಣ.

ಒಂದೇ ಹೆಸರು, ಹಲವು ರೂಪ

ನಮ್ಮ ಹೆಸರುಗಳು ಹೆಚ್ಚಿನವು ಅರಬಿ. ಅದನ್ನು ಕರೆಯುವುದು ಬ್ಯಾರಿಯಲ್ಲಿ, ಶಾಲೆಯಲ್ಲಿ ಬರೆಯುವುದು ಕನ್ನಡದಲ್ಲಿ, ಪಾಸ್‌ಪೋರ್ಟಿನಲ್ಲಿ ಅಚ್ಚಾಗುವುದು ಇಂಗ್ಲಿಷಿನಲ್ಲಿ. ಒಂದು ಭಾಷೆಯಿಂದ ಇನ್ನೊಂದಕ್ಕೆ ಹೋಗುವಾಗ ಹೆಸರು ಸ್ವಲ್ಪ ಸ್ವಲ್ಪ ಬದಲಾಗುತ್ತದೆ. ಮುಹಿಯುದ್ದೀನ್ ಎಂಬ ಹೆಸರು ಮನೆಯಲ್ಲಿ ಮೊಯ್ದು, ಶಾಲೆಯಲ್ಲಿ ಮೊಯ್ದಿನ್, ರೇಶನ್ ಕಾರ್ಡಿನಲ್ಲಿ ಮೊಯಿದಿನಬ್ಬ. ಯೂಸುಫ್ ಎಂಬವರು ಇಸುಬು. ಆಯಿಶಾ ಎಂಬವರು ಐಸಮ್ಮ, ಆಯಿಶಾಬಿ, ಆಯೇಷಾ. ಮುಹಮ್ಮದ್ ಎಂಬ ಹೆಸರನ್ನು ಕನ್ನಡದಲ್ಲೇ ಮಹಮ್ಮದ್, ಮೊಹಮ್ಮದ್, ಮಹಮದ್ ಅಂತ ನಾಲ್ಕು ಬಗೆಯಲ್ಲಿ ಬರೆಯುತ್ತಾರೆ. ಇಂಗ್ಲಿಷಿಗೆ ಹೋದರೆ ಇನ್ನೂ ಹೆಚ್ಚು. ಕೆಲವರು ನಾಲ್ಕಕ್ಷರಕ್ಕೆ ಮೊಟಕು ಮಾಡಿ ಬಿಡುತ್ತಾರೆ.

ಶಿರೂರು ಕಡೆ ಹೋದರೆ ನವಾಯತರೂ ಇದ್ದಾರೆ, ಉರ್ದು ಮಾತಾಡುವವರೂ ಇದ್ದಾರೆ. ಒಂದೇ ಹೆಸರನ್ನು ಅವರು ಹೇಳುವ ರೀತಿ ಬೇರೆ, ನಾವು ಹೇಳುವ ರೀತಿ ಬೇರೆ. ಕೇಳಿದ ಹಾಗೆ ಟೈಪ್ ಮಾಡುವವರು ಯಾರ ಬಾಯಿಂದ ಕೇಳಿದರೋ ಅದರ ಮೇಲೆ ಹೆಸರು ಹೋಗುತ್ತದೆ.

ಹೀಗೆ ಕರೆಯುವುದರಲ್ಲಿ ತಪ್ಪೇನೂ ಇಲ್ಲ. ‘ಅಬ್ಬ’ ಸೇರಿಸಿ ಕರೆಯುವುದು ಬ್ಯಾರಿಗಳ ಗುರುತು. ಪದ್ಮಶ್ರೀ ಪಡೆದ ಹರೇಕಳ ಹಾಜಬ್ಬರ ಹೆಸರು ಕೇಳಿದ ಕೂಡಲೇ ಇವರು ನಮ್ಮ ಕರಾವಳಿಯವರು ಎಂದು ಗೊತ್ತಾಗುತ್ತದೆ. ಕಷ್ಟ ಬರುವುದು ಒಂದೇ ಮನುಷ್ಯ ನಾಲ್ಕು ದಾಖಲೆಯಲ್ಲಿ ನಾಲ್ಕು ಮನುಷ್ಯರಾದಾಗ. ಮಗನ ಪಾಸ್‌ಪೋರ್ಟ್, ಬಾಪನ ಜಾಗದ ಹಕ್ಕು ಬದಲಾವಣೆ, ವಿಧವೆಯ ಪಿಂಚಣಿ, ಮಕ್ಕಳ ಸ್ಕಾಲರ್‌ಶಿಪ್ ಎಲ್ಲವೂ ಅಲ್ಲಿಗೆ ನಿಲ್ಲುತ್ತವೆ. ಇಬ್ಬರೂ ಒಬ್ಬರೇ ಅಂತ ಅಫಿದವಿತ್ ಮಾಡಿಸಲು ನೋಟರಿ ಹತ್ತಿರ ಓಡಬೇಕು. ಅದಕ್ಕೆ ಹಣವೂ ಬೇಕು, ಎರಡು ದಿನದ ಕೂಲಿಯೂ ಹೋಗುತ್ತದೆ.

ಕೈಬರಹದ ಕಾಲವೂ ಸುಖದ್ದಲ್ಲ

ಹಾಗಾದರೆ ಮೊದಲಿನ ಕೈಬರಹವೇ ಒಳ್ಳೆಯದಿತ್ತು ಅನ್ನೋಣವಾ? ಅದೂ ಪೂರ್ತಿ ಸರಿಯಲ್ಲ. ಮೊದಲು ಪಹಣಿಯನ್ನು ಗ್ರಾಮ ಲೆಕ್ಕಿಗರು ಕೈಯಲ್ಲೇ ಬರೆದು ಕೊಡುತ್ತಿದ್ದರು. ಬರೆದವರಿಗೆ ಮಾತ್ರ ಓದಲು ಬರುವ ಅಕ್ಷರ, ತಿದ್ದಿದ ಗುರುತು, ಒಂದು ಪಹಣಿಗಾಗಿ ಹಲವು ಸಲ ಅಲೆದಾಟ, ಇವೆಲ್ಲ ಹಿರಿಯರಿಗೆ ನೆನಪಿದೆ. 2000ದ ಆಸುಪಾಸಿನಲ್ಲಿ ರಾಜ್ಯ ಸರಕಾರ ‘ಭೂಮಿ’ ಯೋಜನೆ ತಂದು 177 ತಾಲೂಕುಗಳಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿಸಿತು. ಆಗ ಬೈಂದೂರು ಕುಂದಾಪುರ ತಾಲೂಕಿನಲ್ಲೇ ಇತ್ತು. ಕೈಬರಹದ ಪಹಣಿಗೆ ಬೆಲೆ ಹೋಯಿತು. ಕೌಂಟರಿನಲ್ಲಿ ಹಣ ಕಟ್ಟಿದರೆ ಅಚ್ಚಾದ ಪಹಣಿ ಕೈಗೆ ಬರುವ ಹಾಗಾಯಿತು. ಅದು ಬಡವರಿಗೆ ಆದ ದೊಡ್ಡ ಉಪಕಾರ.

ಪಾಸ್‌ಪೋರ್ಟಿನಲ್ಲೂ ಹೀಗೇ ಆಯಿತು. ಮೊದಲ ಸಲ ಗಲ್ಫಿಗೆ ಹೋದ ನಮ್ಮ ಹಿರಿಯರ ಪಾಸ್‌ಪೋರ್ಟಿನಲ್ಲಿ ಹೆಸರು ಪೆನ್ನಿನಲ್ಲೇ ಬರೆದದ್ದು. 2015ರ ನವೆಂಬರ್ 24ರ ನಂತರ ಕೈಬರಹದ ಪಾಸ್‌ಪೋರ್ಟ್ ನಡೆಯುವುದಿಲ್ಲ ಎಂದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಗಡುವು ಹಾಕಿತ್ತು. ಡಾಕ್ಟರರ ಚೀಟಿ ನೋಡಿ. ಮೆಡಿಕಲ್ ಅಂಗಡಿಯವರೂ ಮೂರು ಸಲ ತಿರುಗಿಸಿ ನೋಡುವಂಥ ಅಕ್ಷರ. ಮದ್ದಿನ ಹೆಸರನ್ನು ಓದಲು ಬರುವಂತೆ, ಆದಷ್ಟು ದೊಡ್ಡಕ್ಷರದಲ್ಲಿ ಬರೆಯಬೇಕು ಎಂದು ಭಾರತೀಯ ವೈದ್ಯಕೀಯ ಮಂಡಳಿ 2016ರಲ್ಲಿ ನಿಯಮವನ್ನೇ ಮಾಡಬೇಕಾಯಿತು. ಪ್ರಿಂಟ್ ಮಾಡಿದ ಚೀಟಿ ಕೊಡುವ ಆಸ್ಪತ್ರೆಯಲ್ಲಿ ಈ ತಲೆನೋವು ಇಲ್ಲ.

ಆದರೆ ಒಂದು ವಿಷಯ ಗಮನಿಸಿ. ಕಂಪ್ಯೂಟರಿಗೆ ತಪ್ಪು ಹೋದರೆ ಅದು ಅಂದವಾಗಿ, ಎಲ್ಲರಿಗೂ ಓದಲು ಬರುವ ಹಾಗೆ ತಪ್ಪನ್ನೇ ಅಚ್ಚು ಮಾಡಿ ಕೊಡುತ್ತದೆ. ಹಳೆ ರಿಜಿಸ್ಟರಿನ ಗೀಚು ಅಕ್ಷರವನ್ನು ಟೈಪ್ ಮಾಡಿದವರು ಅಂದಾಜಿನ ಮೇಲೆ ಓದಿದರೆ ಆ ಅಂದಾಜೇ ದಾಖಲೆಯಾಗುತ್ತದೆ. ಕೈಬರಹದಲ್ಲಾದ ತಪ್ಪು ಒಂದು ಪುಸ್ತಕದಲ್ಲಿ ಇರುತ್ತಿತ್ತು. ಟೈಪಿನ ತಪ್ಪು ಒಂದು ಕಾರ್ಡಿನಿಂದ ಇನ್ನೊಂದಕ್ಕೆ, ಅಲ್ಲಿಂದ ಬ್ಯಾಂಕಿಗೆ ಹೋಗುತ್ತಲೇ ಇರುತ್ತದೆ.

ಒಂದು ಶಿಫ್ಟ್ ಕೀ

ಕನ್ನಡದಲ್ಲಿ ಟೈಪ್ ಮಾಡುವುದು ಸುಲಭವಾದದ್ದಕ್ಕೆ ನಮ್ಮ ಕರಾವಳಿಯವರೇ ಕಾರಣ. ಕಿನ್ನಿಕಂಬಳದ ಪದ್ಮನಾಭ ರಾವ್, ಅಂದರೆ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ಕ್ರಮವೇ ಇವತ್ತು ಕಚೇರಿಗಳಲ್ಲಿ ಬಳಸುವ ‘ನುಡಿ’ಗೆ ಆಧಾರ. ಅದರಲ್ಲಿ ಒಂದು ಕೀ ಒತ್ತಿದರೆ ‘ಕ’. ಶಿಫ್ಟ್ ಹಿಡಿದು ಅದೇ ಕೀ ಒತ್ತಿದರೆ ‘ಖ’. ಹಾಗೆಯೇ ‘ಪ’ಕ್ಕೆ ‘ಫ’, ‘ಸ’ಕ್ಕೆ ‘ಶ’. ಬಹಳ ಜಾಣ್ಮೆಯ ಕ್ರಮ. ಆದರೆ ನಮ್ಮ ಹೆಸರುಗಳನ್ನು ಇಟ್ಟು ನೋಡಿ. ಶಿಫ್ಟ್ ಒಂದು ತಪ್ಪಿದರೆ ಫಾತಿಮಾ ಪಾತಿಮಾ ಆಗುತ್ತಾರೆ, ಖಾದರ್ ಕಾದರ್ ಆಗುತ್ತಾರೆ, ಆಯಿಶಾ ಆಯಿಸಾ ಆಗುತ್ತಾರೆ. ಟೈಪ್ ಮಾಡುವವರಿಗೆ ಇದರಲ್ಲಿ ದ್ವೇಷವೂ ಇಲ್ಲ, ಉದ್ದೇಶವೂ ಇಲ್ಲ. ಅವರ ಕಣ್ಣ ಮುಂದೆ ಸರಿಯಾಗಿ ಬರೆದ ಚೀಟಿ ಇರಲಿಲ್ಲ, ಅಷ್ಟೇ.

ಹೆಸರಿನ ವಿಷಯದಲ್ಲಿ ಹೊರದೇಶದ ನಿಯಮವೂ ಮೇಲಿಂದ ಬರುತ್ತದೆ. 2022ರ ನವೆಂಬರಿನಲ್ಲಿ ಯುಎಇ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು ಇದ್ದವರಿಗೆ ವಿಸಿಟ್ ವಿಸಾದಲ್ಲಿ ಬರಲಾಗದು ಎಂದಿತು. ನಂತರ ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಸಾಕು ಎಂದು ಸಡಿಲ ಮಾಡಿತು. ಮನೆ ಹೆಸರನ್ನು ಒಂದು ಇನಿಶಿಯಲ್ ಮಾಡಿ ಮುಗಿಸುವ ಅಭ್ಯಾಸ ನಮ್ಮಲ್ಲಿ ಬಹಳ. ಆ ಇನಿಶಿಯಲ್ ಅನ್ನು ಬಿಡಿಸಿ ಬರೆಯಬೇಕಾ, ಹೇಗೆ ಬರೆಯಬೇಕು ಎಂದು ಅರ್ಜಿ ತುಂಬುವಾಗ ನಿರ್ಧಾರ ಮಾಡಬೇಕಾದವರು ನಾವು.

ಉಮ್ಮಂದಿರಿಗೆ ಬರೆಯಲು ಬರುತ್ತಿತ್ತು

ನಮ್ಮ ಎಷ್ಟೋ ಅಜ್ಜಿಯಂದಿರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಹಾಗಂತ ಎಲ್ಲರೂ ಅಕ್ಷರ ಅರಿಯದವರಾಗಿರಲಿಲ್ಲ. ಮದ್ರಸದಲ್ಲಿ ಕಲಿತ ಅರಬಿ ಮಲಯಾಳ ಅವರಿಗೆ ಬರುತ್ತಿತ್ತು. 1607ರ ಮುಹಿಯುದ್ದೀನ್ ಮಾಲೆಯಿಂದ ಹಿಡಿದು ಮಾಲೆಗಳನ್ನೆಲ್ಲ ಅದರಲ್ಲೇ ಓದುತ್ತಿದ್ದರು. ಗಲ್ಫಿನಲ್ಲಿದ್ದ ಗಂಡನಿಗೆ ಕಾಗದ ಬರೆದವರೂ ಇದ್ದರು. ಆದರೆ ಕಚೇರಿಯಲ್ಲಿ ಆ ಅಕ್ಷರ ಓದುವವರಿಲ್ಲ. ಅಲ್ಲಿ ಅವರದು ಹೆಬ್ಬೆಟ್ಟು.

ಈಗಿನ ಮಕ್ಕಳದ್ದು ಬೇರೆ ಕತೆ. ಬ್ಯಾರಿಗೆ ಅಂತಲೇ 2020ರಲ್ಲಿ ಅಕಾಡೆಮಿ ಲಿಪಿ ಹೊರತಂದಿದೆ, ಕನ್ನಡ ಅಕ್ಷರದಲ್ಲೂ ಬ್ಯಾರಿ ಚೆನ್ನಾಗಿ ಬರೆಯಬಹುದು. ಆದರೆ ವಾಟ್ಸ್‌ಆ್ಯಪಿನಲ್ಲಿ ನಮ್ಮ ಮಕ್ಕಳು ಬ್ಯಾರಿ ಬರೆಯುವುದು ಇಂಗ್ಲಿಷ್ ಅಕ್ಷರದಲ್ಲಿ, ಅದೂ ಅರ್ಧಕ್ಕರ್ಧ ಅಕ್ಷರ ನುಂಗಿ. ಅದಕ್ಕೂ ಉದಾಸೀನವಾದರೆ ವಾಯ್ಸ್ ಕಳಿಸಿದರಾಯಿತು. ವಾಯ್ಸ್‌ನಿಂದ ದೂರದ ಮಗನ ಸ್ವರ ಉಮ್ಮನಿಗೆ ಸಿಗುತ್ತದೆ, ಅದು ಸಂತೋಷದ ವಿಷಯ. ಆದರೆ ತಹಶೀಲ್ದಾರರಿಗೆ ವಾಯ್ಸ್ ಕಳಿಸಲಾಗುವುದಿಲ್ಲ. ದಿನಕ್ಕೆ ನೂರು ಮೆಸೇಜ್ ಕಳಿಸುವ ಹುಡುಗನಿಗೆ ‘ಇವರಿಗೆ, ಇವರಿಂದ, ವಿಷಯ’ ಅಂತ ಒಂದು ಅರ್ಜಿ ಬರೆ ಅಂದರೆ ಕೈ ನಿಲ್ಲುತ್ತದೆ. ಎಸೆಸೆಲ್ಸಿಯಲ್ಲಿ ಇವತ್ತಿಗೂ ಮೂರು ಗಂಟೆ ಕೂತು ಪೆನ್ನಿನಲ್ಲೇ ಬರೆಯಬೇಕು. ಉತ್ತರ ಗೊತ್ತಿದ್ದೂ ಕೈ ಓಡದೆ ಕೊನೆಯ ಪ್ರಶ್ನೆ ಬಿಟ್ಟು ಬರುವ ಮಕ್ಕಳು ಪ್ರತಿ ವರ್ಷ ಇದ್ದಾರೆ.

ಕಲಿಯುವುದಕ್ಕೂ ಕೈಬರಹಕ್ಕೂ ಸಂಬಂಧ ಇದೆ ಎಂದು ಶಿಕ್ಷಕರು ಮೊದಲಿಂದ ಹೇಳುತ್ತಾ ಬಂದಿದ್ದಾರೆ. ನಾರ್ವೆಯ ವಿಶ್ವವಿದ್ಯಾನಿಲಯವೊಂದರಲ್ಲಿ 36 ವಿದ್ಯಾರ್ಥಿಗಳ ತಲೆಗೆ ಸೆನ್ಸರ್ ಇಟ್ಟು ನೋಡಿದ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಪದವನ್ನು ಪೆನ್ನಿನಲ್ಲಿ ಬರೆಯುವಾಗ ಮೆದುಳಿನ ಬೇರೆ ಬೇರೆ ಭಾಗಗಳು ಒಟ್ಟಾಗಿ ಕೆಲಸ ಮಾಡುವುದು, ಅದೇ ಪದವನ್ನು ಬೆರಳಲ್ಲಿ ಟೈಪ್ ಮಾಡುವಾಗಿಗಿಂತ ಬಹಳ ಹೆಚ್ಚು ಎಂದು ಅದರಲ್ಲಿ ಕಂಡುಬಂತು. ‘ಫ’ ಬರೆಯಲು ಕೈ ಒಂದು ದಾರಿಯಲ್ಲಿ ಹೋಗಬೇಕು, ‘ಪ’ಕ್ಕೆ ಇನ್ನೊಂದು ದಾರಿ. ಆ ದಾರಿ ಗೊತ್ತಿರುವ ಮಗುವಿಗೆ ಪ್ರಿಂಟಿನಲ್ಲಿ ಬಂದ ತಪ್ಪು ಕೂಡಲೇ ಕಣ್ಣಿಗೆ ಬೀಳುತ್ತದೆ.

ಏನು ಮಾಡಬಹುದು?

ಕುರ್‌ಆನಿನ ಅತಿ ದೊಡ್ಡ ವಚನ ಅಲ್ ಬಖರದ 282ನೆಯದು. ಅದು ಸಾಲವನ್ನು ಬರೆದಿಡುವ ವಿಷಯ. ಬರೆಯುವವನು ನ್ಯಾಯವಾಗಿ ಬರೆಯಬೇಕು ಎಂದು ಅದು ಕಲಿಸುತ್ತದೆ, ಜೊತೆಗೆ ಹೇಳಿ ಬರೆಸುವ ಹೊಣೆ ಸಾಲ ಪಡೆದವನದು ಎಂದೂ ಕಲಿಸುತ್ತದೆ. ಅವನಿಗೆ ಆಗದಿದ್ದರೆ ಅವನ ಪರವಾಗಿ ಹೇಳುವವರು ಬೇಕು. ಕೌಂಟರಿನ ಮುಂದೆ ನಿಂತವರಿಗೂ ಇದು ಹೊಂದುತ್ತದೆ. ಅದಕ್ಕಾಗಿ ಕೆಲವು ಸಣ್ಣ ಕೆಲಸಗಳು:

ಮನೆಯಲ್ಲಿ ಒಂದು ನೋಟ್‌ಬುಕ್ ಇಡಿ. ಪ್ರತಿಯೊಬ್ಬರ ಪೂರ್ತಿ ಹೆಸರು, ತಂದೆ ತಾಯಿಯ ಹೆಸರು, ಹುಟ್ಟಿದ ದಿನಾಂಕ ಎಲ್ಲವನ್ನೂ ಕನ್ನಡದಲ್ಲೂ ಇಂಗ್ಲಿಷ್ ದೊಡ್ಡಕ್ಷರದಲ್ಲೂ ಬಿಡಿಬಿಡಿಯಾಗಿ ಬರೆಯಿರಿ. ಬರೆಯುವ ಕೆಲಸ ಮಕ್ಕಳಿಗೆ ಕೊಡಿ. ಎಲ್ಲಿಗೆ ಹೋಗುವಾಗಲೂ ಅದರಿಂದ ಒಂದು ಚೀಟಿ ಬರೆದು ಕೊಂಡುಹೋಗಿ, ಟೈಪ್ ಮಾಡುವವರ ಎದುರು ಇಡಿ.

ಪ್ರಿಂಟ್ ಕೊಡುವ ಮೊದಲು ಓದಿ ನೋಡಿ. ಆಧಾರ್ ಕೇಂದ್ರದಲ್ಲಿ ನಮ್ಮ ಕಡೆಗೆ ಒಂದು ಸ್ಕ್ರೀನ್ ಇಡಬೇಕು ಎಂಬ ನಿಯಮ ಇರುವುದೇ ಅದಕ್ಕೆ. ಆಧಾರಿನಲ್ಲಿ ಹೆಸರು ತಿದ್ದಲು ಸಾಮಾನ್ಯವಾಗಿ ಎರಡೇ ಸಲ ಅವಕಾಶ. ಹಿಂದೆ ಕ್ಯೂ ಇದೆ ಅಂತ ಅವಸರ ಬೇಡ.

ಮಗು ಹುಟ್ಟಿದರೆ 21 ದಿನದೊಳಗೆ ನೋಂದಣಿ ಮಾಡಿಸಿ. ಹೆಸರು ನಿಶ್ಚಯ ಆಗದಿದ್ದರೆ ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆ, ಆಧಾರ್, ಪಾಸ್‌ಪೋರ್ಟ್ ಎಲ್ಲದಕ್ಕೂ ಜನನ ಪ್ರಮಾಣಪತ್ರವೇ ಮುಖ್ಯ ದಾಖಲೆ. ಅಲ್ಲಿ ಬಿದ್ದ ಅಕ್ಷರ ಜೀವಮಾನ ಇರುತ್ತದೆ.

ನಿಕಾಹ್ ರಿಜಿಸ್ಟರಿಗೆ ಹೆಸರನ್ನು ಕಿವಿಯಲ್ಲಿ ಕೇಳಿ ಬರೆಯುವುದು ಬೇಡ. ಎರಡೂ ಕಡೆಯವರು ದಾಖಲೆ ನೋಡಿ ಬರೆದ ಚೀಟಿಯನ್ನು ಮೊದಲೇ ಕೊಡಲಿ ಎಂದು ಜಮಾಅತ್ ಕಮಿಟಿಗಳು ಒಂದು ಕ್ರಮ ಮಾಡಬಹುದು. ಮದುವೆ ದಿನದ ಗದ್ದಲದಲ್ಲಿ ಆದ ತಪ್ಪು ಗೊತ್ತಾಗುವುದು ಹುಡುಗಿಯ ವಿಸಾ ಸಮಯದಲ್ಲಿ.

ಮಕ್ಕಳು ದಿನಕ್ಕೆ ಹತ್ತು ಸಾಲು ಕನ್ನಡ ಬರೆಯಲಿ, ವಾರಕ್ಕೊಂದು ಅರ್ಜಿ ಬರೆಯಲಿ. ಮೊಬೈಲಿನಲ್ಲಿ ಕನ್ನಡ ಕೀಬೋರ್ಡ್ ಹಾಕಿ ಕನ್ನಡ ಅಕ್ಷರದಲ್ಲೇ ಟೈಪ್ ಮಾಡುವುದನ್ನೂ ಕಲಿಯಲಿ. ಎರಡೂ ಬರುವ ಒಬ್ಬ ಮಗ ಅಥವಾ ಮಗಳು ಮನೆಯಲ್ಲಿದ್ದರೆ ಉಮ್ಮನ ಜೊತೆ ಕೌಂಟರಿಗೆ ಹೋಗಿ ನಿಲ್ಲಬಹುದು, ಸ್ಕ್ರೀನ್ ನೋಡಿ ‘‘ಅಣ್ಣಾ, ಇಲ್ಲಿ ‘ಪ’ ಅಲ್ಲ, ‘ಫ’ ಹಾಕಿ’’ ಎಂದು ಹೇಳಬಹುದು.