ಫಜಿ ಲಾಜಿಕ್ ಎಂದರೆ ಅಂದಾಜಿನ ಲೆಕ್ಕವೇ?

ಕೊಳಾಲ, ಕೊರಟಗೆರೆ ಕಡೆಯವರಿಗೆ ವಸಂತನರಸಾಪುರ ಕೈಗಾರಿಕಾ ಪ್ರದೇಶ ದೂರವೇನಲ್ಲ. ತುಮಕೂರು ಮಷಿನ್ ಟೂಲ್ ಪಾರ್ಕ್ ಇರುವುದೂ ಅಲ್ಲೇ. ಇಂಥ ಕಡೆಯ ಕಾರ್ಖಾನೆಯೊಂದರಲ್ಲಿ ಬಿಡಿಭಾಗ ಜೋಡಿಸುವ ರೋಬೋಟಿನ ಮುಂದೆ ಹತ್ತಾರು ಕೆಲಸ ಕಾದಿರುವಾಗ ಮೊದಲು ಯಾವುದು ಎಂದು ತೀರ್ಮಾನಿಸುವ ಒಂದು ವಿಧಾನ ಫಜಿ ಲಾಜಿಕ್. ಇದರ ಬಗ್ಗೆ ತಪ್ಪು ತಿಳಿವಳಿಕೆಗಳು ಬಹಳ.

ತಪ್ಪು ಕಲ್ಪನೆ: ಇದು ಅಂದಾಜಿನ ಲೆಕ್ಕ.

ಸತ್ಯ: 1965ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಲಾಟ್ಫಿ ಜಾದೆ ಮಂಡಿಸಿದ ಈ ಗಣಿತ ಕರಾರುವಾಕ್ಕಾದದ್ದು. ಗಡುವಿಗೆ 20 ನಿಮಿಷ ಉಳಿದಿದ್ದರೆ ತುರ್ತು 1, 120 ಇದ್ದರೆ 0, ನಡುವೆ ಒಂದೇ ಸಮನೆ ಇಳಿಯುತ್ತದೆ ಎಂದಿಟ್ಟುಕೊಳ್ಳಿ. ಆಗ 59 ನಿಮಿಷಕ್ಕೆ ತುರ್ತು 0.61, 61ಕ್ಕೆ 0.59. ಅದರ ಬದಲು 60 ನಿಮಿಷಕ್ಕೇ ಗೆರೆ ಎಳೆದಿದ್ದರೆ ಮೊದಲನೆಯದು ತುರ್ತು, ಎರಡನೆಯದು ತುರ್ತೇ ಅಲ್ಲ! 40 ನಿಮಿಷ ಉಳಿದಿರುವ ಕೆಲಸದ ತುರ್ತು 0.8. ಅದು ‘ಚಿಕ್ಕ ಕೆಲಸ’ ಎನ್ನುವುದಕ್ಕೆ 0.6 ಬಂದಿದ್ದರೆ, ‘ತುರ್ತೂ ಆಗಿದ್ದು ಚಿಕ್ಕದೂ ಆಗಿದ್ದರೆ ಮೊದಲು ಮಾಡು’ ಎಂಬ ನಿಯಮಕ್ಕೆ ಸಿಗುವ ಬಲ, ಎರಡರಲ್ಲಿ ಕಡಿಮೆಯಾದ 0.6. ಇಂಥ ಹಲವು ನಿಯಮಗಳಿಂದ ಪ್ರತಿ ಕೆಲಸಕ್ಕೂ ಒಂದು ಆದ್ಯತೆಯ ಅಂಕಿ ಬರುತ್ತದೆ. ಅದೇ ಮಾಹಿತಿ ಕೊಟ್ಟರೆ ನಾಳೆಯೂ ಅದೇ ಉತ್ತರ.

ಈ 0.8 ಅನ್ನು ಶೇ. 80 ಸಂಭವನೀಯತೆ ಎಂದು ಓದುವವರಿದ್ದಾರೆ. ಅಲ್ಲ. ಉಳಿದಿರುವುದು 40 ನಿಮಿಷ ಎಂಬುದರಲ್ಲಿ ಸಂಶಯವೇ ಇಲ್ಲ; ಅದು ಎಷ್ಟರ ಮಟ್ಟಿಗೆ ತುರ್ತು ಎಂಬುದಷ್ಟೇ ಪ್ರಶ್ನೆ.

ತಪ್ಪು ಕಲ್ಪನೆ: ಎಲ್ಲಕ್ಕಿಂತ ಉತ್ತಮವಾದ ಸರದಿಯನ್ನು ಇದು ಹುಡುಕಿಕೊಡುತ್ತದೆ.

ಸತ್ಯ: ಹತ್ತೇ ಕೆಲಸಗಳನ್ನು 36,28,800 ಬಗೆಯಲ್ಲಿ ಸರದಿ ಮಾಡಬಹುದು. ಫಜಿ ನಿಯಮಗಳು ಅವನ್ನೆಲ್ಲ ತಡಕುವುದಿಲ್ಲ. ಈ ಕ್ಷಣಕ್ಕೆ ಒಪ್ಪುವ ಕೆಲಸವನ್ನು ಬೇಗ ಆರಿಸುತ್ತವೆ. ಬಿಡಿಭಾಗ ಹಿಡಿಯುವ ರೋಬೋಟಿನ ಕೈ, ಅಂದರೆ ಗ್ರಿಪ್ಪರ್, ಕೆಟ್ಟರೆ ಮತ್ತೆ ಲೆಕ್ಕ ಹಾಕಲು ಹೆಚ್ಚು ಹೊತ್ತು ಬೇಕಿಲ್ಲ.

ತಪ್ಪು ಕಲ್ಪನೆ: ಇದು ಬಂದರೆ ಅನುಭವಸ್ಥರ ಅಗತ್ಯವಿಲ್ಲ.

ಸತ್ಯ: ನನ್ನ ಮಟ್ಟಿಗೆ ಇದೇ ದೊಡ್ಡ ತಪ್ಪು. 1970ರ ದಶಕದಲ್ಲಿ ಲಂಡನ್ನಿನಲ್ಲಿ ಸಂಶೋಧಕ ಇಬ್ರಾಹಿಂ ಮಮ್ದಾನಿ ಪುಟ್ಟ ಉಗಿ ಎಂಜಿನ್ನನ್ನು ಫಜಿ ಲಾಜಿಕ್‌ನಿಂದ ನಿಯಂತ್ರಿಸಿದರು. ‘ಒತ್ತಡ ತುಸು ಹೆಚ್ಚಾದರೆ ಶಾಖ ತುಸು ತಗ್ಗಿಸು’ ಎಂದು ಎಂಜಿನ್ ನಡೆಸುವವರು ಆಡುವಂಥ ಮಾತುಗಳೇ ಅಲ್ಲಿ ನಿಯಮಗಳಾದವು. ಜೋಡಣೆ ಲೈನಿನಲ್ಲೂ ಹೀಗೆಯೇ. ‘ಚಿಕ್ಕ ಕೆಲಸ’ ಎಂದರೆ ಎಷ್ಟು ನಿಮಿಷ, ಯಾವ ಮಾಡೆಲ್‌ನ ಹಿಂದೆ ಯಾವುದನ್ನು ಹಾಕಿದರೆ ಟೂಲ್ ಬದಲಿಸುವುದು ತಪ್ಪುತ್ತದೆ ಎಂಬುದು ವರ್ಷಗಟ್ಟಲೆ ಅಲ್ಲಿ ನಿಂತು ದುಡಿದ ಆಪರೇಟರಿಗೆ, ಸೂಪರ್‌ವೈಸರಿಗೆ ಗೊತ್ತು. ನಿಯಮ ಬರೆಯುವಾಗ ಅವರನ್ನು ಕೂರಿಸಿಕೊಳ್ಳದಿದ್ದರೆ, ತಪ್ಪು ಸರದಿಯನ್ನೇ ರೋಬೋಟ್ ಚಾಚೂ ತಪ್ಪದೆ ಪಾಲಿಸುತ್ತಿರುತ್ತದೆ.