ನಿಮಗಿದು ಗೊತ್ತೆ? ಹಗೇವಿನಲ್ಲೂ ಗಣಿಯ ಗಾಳಿ!

ಸೊಲ್ಲಾಪುರ, ಅಕ್ಕಲಕೋಟೆಗಳ ನೆಲದಡಿ ಇರುವುದು ಬಸಾಲ್ಟ್ ಕಲ್ಲು, ಕಲ್ಲಿದ್ದಲ ಗಣಿಗಳಿಲ್ಲ. ಆದರೂ ಗಣಿ ಕಾರ್ಮಿಕರ ಉಸಿರುಗಟ್ಟಿಸುವ ಗಾಳಿಯೊಂದು ಈ ಜೋಳದ ಸೀಮೆಗೆ ಹೊಸದಲ್ಲ. ನೆಲದಡಿ ಕಾಳು ಕೂಡಿಡುವ ಗುಂಡಿಯೇ ಹಗೇವು. ಮುಚ್ಚಿದ ಹಗೇವಿನಲ್ಲಿ ಕಾಳು ಉಸಿರಾಡಿ ಆಮ್ಲಜನಕ ಕಡಿಮೆಯಾಗುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರವಾದ ಇದು ತಳದಲ್ಲೇ ಉಳಿಯುತ್ತದೆ. ಹುಳ ಕೊಂದು ಕಾಳು ಕಾಯುವುದೂ ಇದೇ, ಅವಸರಕ್ಕೆ ಇಳಿದವರನ್ನು ಕೆಡವುವುದೂ ಇದೇ.

ಕಲ್ಲಿದ್ದಲ ಗಣಿಯಲ್ಲಿ ಇನ್ನೂ ಮೂರು ಅಪಾಯಗಳು:

● ಮೀಥೇನ್: ಗಾಳಿಯಲ್ಲಿ ಶೇ 5ರಿಂದ 15ರಷ್ಟಿದ್ದರೆ ಒಂದು ಕಿಡಿಗೇ ಸ್ಫೋಟ.

● ಕಾರ್ಬನ್ ಮೊನಾಕ್ಸೈಡ್: ಬಣ್ಣ, ವಾಸನೆ ಇಲ್ಲದ ವಿಷ.

● ಹೈಡ್ರೋಜನ್ ಸಲ್ಫೈಡ್: ಕೊಳೆತ ಮೊಟ್ಟೆಯ ನಾತ, ಪ್ರಮಾಣ ಹೆಚ್ಚಿದರೆ ಮೂಗಿಗೇ ತಿಳಿಯದು.

ಹಗೇವಿರಲಿ, ಹಾಳುಬಾವಿಯಿರಲಿ, ಗಾಳಿಯಾಡಲು ಬಿಡದೆ ಇಳಿಯಬೇಡಿ!