ಮಾಂಬಳ್ಳಿಯ ಗೂಡಿಗೆ ಬೆಲೆ ಬರುವುದು ಎಲ್ಲಿ?

ಕೊಳ್ಳೇಗಾಲದ ಸುತ್ತ ಬಡಾವಣೆ ಹೆಚ್ಚಿದರೆ ಊರು ಬೆಳೆದಂತೆಯೇ? ನಿವೇಶನ ಒಮ್ಮೆ ಮಾರಾಟವಾಗುತ್ತದೆ, ರೇಷ್ಮೆಗೂಡು ವರ್ಷಕ್ಕೆ ಹಲವು ಬೆಳೆ ಬರುತ್ತದೆ. ಈ ಸೀಮೆಗೆ ಹೆಸರು ತಂದದ್ದೇ ರೇಷ್ಮೆ. ಪಕ್ಕದ ಯಳಂದೂರು ತಾಲ್ಲೂಕಿನ ಮಾಂಬಳ್ಳಿಯಲ್ಲೂ ಸರ್ಕಾರಿ ನೂಲು ಬಿಚ್ಚುವ ಕಾರ್ಖಾನೆ ಇತ್ತು. ಬಿಸಿನೀರಲ್ಲಿ ಬೆಂದ ಗೂಡಿನ ಎಳೆಯ ತುದಿ ಹಿಡಿದು, ಹಲವು ಎಳೆ ಕೂಡಿಸಿ ರಾಟೆಗೆ ಸುತ್ತುವ ಕೆಲಸವದು. ಒಂದು ಒಳ್ಳೆಯ ದ್ವಿತಳಿ (ಬೈವೋಲ್ಟೈನ್) ಗೂಡಿನಲ್ಲಿ ಸಾವಿರ ಮೀಟರಿನಷ್ಟು ಎಳೆ ಇರುತ್ತದೆ. ಗೂಡು ರಾಮನಗರದ ಮಾರುಕಟ್ಟೆಗೆ ಹೋದರೆ ರೈತನಿಗೆ ಗೂಡಿನ ದುಡ್ಡು ಸಿಗುತ್ತದೆ, ನಿಜ. ಆದರೆ ಬಿಚ್ಚುವ, ಹುರಿ ಹಾಕುವ, ನೇಯುವ ಕೂಲಿಯೆಲ್ಲ ಬೇರೆ ಊರಿನದು.

ಚೀನಾ ರೇಷ್ಮೆ ಅಗ್ಗವಿರುವಾಗ ಇಲ್ಲೇ ಮತ್ತೆ ನೂಲು ಬಿಚ್ಚುವುದು ನಷ್ಟದ ಬಾಬತ್ತು ಎನ್ನುವವರಿದ್ದಾರೆ. ಹಳೆಯ ಯಂತ್ರಗಳನ್ನೇ ಮತ್ತೆ ತಿರುಗಿಸಿದರೆ ನಷ್ಟ ಖಂಡಿತ. ಆದರೆ ಭೌಗೋಳಿಕ ಗುರುತು ಪಡೆದ ಮೈಸೂರು ರೇಷ್ಮೆ ಸೀರೆಗೆ ಜನ ಮಳಿಗೆಯ ಮುಂದೆ ಸಾಲು ನಿಲ್ಲುತ್ತಿದ್ದಾರೆ, ಬೇಡಿಕೆಯಷ್ಟು ಸೀರೆ ಸಿಗುತ್ತಿಲ್ಲ. ಸ್ವಯಂಚಾಲಿತ ಯಂತ್ರಕ್ಕೆ ಒಂದೇ ಸಮನಾದ ದ್ವಿತಳಿ ಗೂಡು ಬೇಕು, ಅದಕ್ಕೆ ಹಿಪ್ಪುನೇರಳೆಗೆ ನೀರು, ರೈತನಿಗೆ ನಿಶ್ಚಿತ ದರ ಬೇಕು. ಕಾರ್ಖಾನೆಗಿಂತ ಮೊದಲು ಇವೆರಡನ್ನು ಕೇಳಿ. ಮುಂದಿನ ಗ್ರಾಮಸಭೆಯಲ್ಲೇ ಕೇಳಿ.